ನಮ್ಮ ಮನೆಯ ಕಿರಿಕಿರಿ ಮಂಚ

ನಮ್ಮ ಮನೆಯಲ್ಲಿ ಇರುವುದು ಒಂದೇ ಮಂಚ. ಹಲಸಿನ ಮರದ್ದು. ಅಜ್ಜ ಇರುವಾಗ ಮಾಡಿಸಿದ್ದು. ಅದರಲ್ಲಿ ಅಜ್ಜಿ ಮಲಗುತ್ತಾರೆ. ಅಪ್ಪ, ಅಮ್ಮ, ನಾನು, ತಮ್ಮ ಎಲ್ಲರೂ ಅದೇ ಚಾವಡಿಯಲ್ಲಿ ಕೆಳಗೆ ಚಾಪೆ ಹಾಸಿ ಮಲಗುವುದು. ಈ ಸಲ ಗೋಡೆ ಪತ್ರಿಕೆಗೆ ಮಂಚದ ವಿಷಯ ಬರೆಯುತ್ತೇನೆ ಎಂದಾಗ ನನ್ನ ಗೆಳತಿಯರು ನಕ್ಕರು. "ಮಂಚದ ಬಗ್ಗೆ ಬರೆಯಲಿಕ್ಕೆ ಎಂತ ಉಂಟು?" ಎಂದು ಕೇಳಿದರು. ಉಂಟು. ಓದಿ ನೋಡಿ.

ನಮ್ಮ ಮಂಚ ತುಂಬಾ ವರ್ಷದಿಂದ ಶಬ್ದ ಮಾಡುತ್ತಿತ್ತು. ಅಜ್ಜಿ ಕುಳಿತರೆ ಕಿರ್ ಎನ್ನುವುದು. ಮಗ್ಗುಲು ಬದಲಿಸಿದರೆ ಕಿರ್ರ್ ಕಟಕ್ ಎನ್ನುವುದು. ಎದ್ದರೆ ಇನ್ನೂ ಜೋರು. ಹಗಲಿನಲ್ಲಿ ಅದು ಯಾರಿಗೂ ದೊಡ್ಡ ಸಂಗತಿ ಅಲ್ಲ. ನಮ್ಮ ಕಡಿಯಾಳಿಯಲ್ಲಿ ಉಡುಪಿ ಮಣಿಪಾಲ ರಸ್ತೆಯ ಬಸ್ಸುಗಳ ಹಾರನ್ ಮುಂದೆ ಮಂಚದ ಶಬ್ದ ಎಲ್ಲಿ ಕೇಳುತ್ತದೆ? ರಾತ್ರಿ ಮಾತ್ರ ಸೂಜಿ ಬಿದ್ದರೂ ಕೇಳುತ್ತದೆ. ಆಗ ಒಂದು ಕಿರ್ ಸಾಕು, ನಾಲ್ಕು ಜನರಿಗೂ ಎಚ್ಚರ. ತಮ್ಮ ಎದ್ದು ಅಳುತ್ತಿದ್ದ. ಅಪ್ಪ ಬಸ್ ಚಾಲಕರು. ಬೆಳಗ್ಗಿನ ಮೊದಲ ಟ್ರಿಪ್ ಅವರದ್ದು, ನಾಲ್ಕು ಗಂಟೆಗೆ ಏಳಬೇಕು. ನಿದ್ದೆ ಕೆಟ್ಟವರು ಬಸ್ ಬಿಡಬಾರದು ಎಂದು ಎಲ್ಲರಿಗೂ ಗೊತ್ತು.

ಹೋದ ಮಾರ್ಚ್ ತಿಂಗಳಲ್ಲಿ ಮಂಚದ ಶಬ್ದ ತನ್ನಿಂದ ತಾನೇ ನಿಂತಿತು. ಯಾರೂ ರಿಪೇರಿ ಮಾಡಿರಲಿಲ್ಲ, ಎಣ್ಣೆ ಹಾಕಿರಲಿಲ್ಲ. ಅಮ್ಮ "ಬಡವರ ಮನೆಯ ಮಂಚಕ್ಕೂ ಬುದ್ಧಿ ಬಂತು" ಎಂದು ತಮಾಷೆ ಮಾಡಿದರು.

ಅದೇ ತಿಂಗಳ ಕೊನೆಗೆ ಅಜ್ಜಿಗೆ ಕಾಲು ಸೆಳೆತ ಹೆಚ್ಚಾಯಿತು. ಮೂತ್ರ ಮಾಡುವಾಗ ಉರಿ ಎಂದೂ ಹೇಳಿದರು. ಅಮ್ಮ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದರು. ಅಜ್ಜಿ ಮೊದಲು ಹೇಳಲಿಲ್ಲ. ಮತ್ತೆ ಕೇಳಿದಾಗ ಮೆಲ್ಲ ಹೇಳಿದರು. ನಮ್ಮ ಮನೆ ಮಾತು ತುಳು. ಅಜ್ಜಿ ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗೆ ಆಗುತ್ತದೆ: "ಸಂಜೆ ಮೇಲೆ ನಾನು ನೀರು ಕುಡಿಯುವುದಿಲ್ಲ. ಕುಡಿದರೆ ರಾತ್ರಿ ಏಳಬೇಕು. ಎದ್ದರೆ ಮಂಚ ಕೂಗುತ್ತದೆ. ಮಗ ಬಸ್ ಬಿಡುವವ, ಪುಳ್ಳಿಗೆ ಪರೀಕ್ಷೆ. ಅದಕ್ಕೆ ಒಂದೇ ಮಗ್ಗುಲಲ್ಲಿ ಮಲಗಿ ಬೆಳಗು ಮಾಡುತ್ತೇನೆ."

ಮಂಚ ನಿಂತದ್ದಲ್ಲ, ಅಜ್ಜಿ ಅಲುಗಾಡುವುದನ್ನು ನಿಲ್ಲಿಸಿದ್ದರು. ಡಾಕ್ಟರು ಔಷಧಿ ಬರೆದು ಕೊಟ್ಟರು. ನೀರು ಚೆನ್ನಾಗಿ ಕುಡಿಯಬೇಕು, ರಾತ್ರಿ ಮಗ್ಗುಲು ಬದಲಿಸಬೇಕು, ಒಂದೇ ಕಡೆ ಮಲಗಬಾರದು ಎಂದರು. ಬರುವ ದಾರಿಯಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲ.

ಆ ರಾತ್ರಿ ಮನೆಯಲ್ಲಿ ಸಭೆ ಆಯಿತು. ಅಮ್ಮ "ಇದನ್ನು ಗುಜರಿಗೆ ಕೊಟ್ಟು ಕಬ್ಬಿಣದ ಮಂಚ ತರುವ" ಎಂದರು. ಅದಕ್ಕೆ ದುಡ್ಡು ಇರಲಿಲ್ಲ. ಅಜ್ಜಿ "ನನಗೂ ಕೆಳಗೆ ಚಾಪೆ ಹಾಕಿ" ಎಂದರು. ಅವರ ಗಂಟಿನ ನೋವಿಗೆ ನೆಲದಿಂದ ಏಳಲಿಕ್ಕೆ ಆಗುವುದಿಲ್ಲ. ಅಪ್ಪ ಮರುದಿನ ಮೂರು ಇಂಚಿನ ಮೊಳೆ ತಂದು, ಸುತ್ತಿಗೆ ಹಿಡಿದು ಮಂಚದ ಹತ್ತಿರ ಕುಳಿತರು. ಆಗ ನಮ್ಮ ನೆರೆಮನೆಯ ಆಚಾರ್ರು ಬೇಲಿಯಾಚೆಯಿಂದ ನೋಡಿದರು. ಅವರಿಗೆ ಈಗ ವಯಸ್ಸಾಗಿದೆ. ಕೆಲಸ ಬಿಟ್ಟಿದ್ದಾರೆ. ಸುತ್ತಿಗೆಯ ಶಬ್ದ ಕೇಳಿದರೆ ಮಾತ್ರ ಬಂದೇ ಬರುತ್ತಾರೆ.

"ಎಂತ ಮಾರಾಯ, ಮಂಚಕ್ಕೆ ಮೊಳೆ ಹೊಡೆಯುವುದಾ?" ಎಂದು ಕೇಳಿದರು. ಮೊಳೆ ಹೊಡೆಯುವುದು ಸುಲಭ, ತೆಗೆಯುವುದು ಕಷ್ಟ ಎಂದರು. ಹಳೆಯ ಒಣಗಿದ ಮರ ತುದಿಯಲ್ಲಿ ಸೀಳು ಬಿಡುತ್ತದೆ. ಸೀಳದಿದ್ದರೂ ಸ್ವಲ್ಪ ದಿನದಲ್ಲಿ ಮೊಳೆಯ ತೂತು ದೊಡ್ಡದಾಗಿ, ಮೊಳೆಯೇ ಮರಕ್ಕೆ ಉಜ್ಜಿ ಕೂಗಲಿಕ್ಕೆ ಶುರು ಮಾಡುತ್ತದೆ. ಆಮೇಲೆ ನನ್ನ ಕಡೆ ತಿರುಗಿ "ಮೊದಲು ಕಳ್ಳ ಯಾರು ಅಂತ ಹಿಡಿಯಬೇಕು ಮಗಾ, ಪೆಟ್ಟು ಆಮೇಲೆ" ಎಂದರು.

ಕಳ್ಳನನ್ನು ಹಿಡಿದ ಕ್ರಮ ಹೇಳುತ್ತೇನೆ. ಇದನ್ನು ನೀವೂ ಮಾಡಬಹುದು.

ಮೊದಲು ಫ್ಯಾನ್, ಟಿ.ವಿ. ಎಲ್ಲ ಬಂದ್ ಮಾಡಿದೆವು. ಹತ್ತಿ ಹಾಸಿಗೆಯನ್ನು ಸುತ್ತಿ ಹೊರಗೆ ಬಿಸಿಲಿಗೆ ಹಾಕಿದೆವು. ತಮ್ಮನನ್ನು ಬರೀ ಹಲಗೆಯ ಮೇಲೆ ಕೂರಿಸಿ ಅಲುಗಾಡಲಿಕ್ಕೆ ಹೇಳಿದರು. ಅವನಿಗೆ ಅದಕ್ಕಿಂತ ಸಂತೋಷದ ಕೆಲಸ ಬೇರೆ ಇಲ್ಲ. ಶಬ್ದ ಬಂತು. ಹಾಗಾದರೆ ತಪ್ಪು ಹಾಸಿಗೆಯದ್ದಲ್ಲ. ನಂತರ ಆಚಾರ್ರು ನನಗೆ ಒಂದು ಚಾಕ್ ತರಲಿಕ್ಕೆ ಹೇಳಿದರು. ಶಬ್ದ ಬರುವಲ್ಲಿ ಗುರುತು ಹಾಕಬೇಕು. ಕಿವಿಗೆ ಒಮ್ಮೊಮ್ಮೆ ಮೋಸ ಆಗುತ್ತದೆ, ಒಂದು ಮೂಲೆಯ ಶಬ್ದ ಹಲಗೆಯಲ್ಲಿ ಓಡಿ ಇನ್ನೊಂದು ಮೂಲೆಯಲ್ಲಿ ಕೇಳುತ್ತದೆ. ಅದಕ್ಕೆ ಬೆರಳನ್ನು ಜೋಡಣೆಯ ಮೇಲೆ, ಅರ್ಧ ಈ ಮರದ ಮೇಲೆ ಅರ್ಧ ಆ ಮರದ ಮೇಲೆ ಇಡಬೇಕು. ಮಂಚ ಅಲುಗಾಡಿದಾಗ ಎರಡು ಮರ ಬೇರೆ ಬೇರೆ ಸರಿದರೆ ಬೆರಳಿಗೆ ಕೂಡಲೇ ಗೊತ್ತಾಗುತ್ತದೆ. ನಾನು ಹಾಗೆ ಎರಡು ಮೂಲೆ ಕಂಡುಹಿಡಿದೆ.

ಹುಡುಕಿದಾಗ ಕಳ್ಳ ಒಬ್ಬನಲ್ಲ, ಮೂವರು ಸಿಕ್ಕಿದರು.

ಒಂದನೆಯವನು ನೆಲ. ಆಚಾರ್ರು ಹಳೆಯ ಪೇಪರಿನ ತುಂಡನ್ನು ನಾಲ್ಕು ಕಾಲಿನ ಅಡಿಗೂ ತೂರಿಸಲು ಹೇಳಿದರು. ಮೂರು ಕಡೆ ಪೇಪರು ಹೋಗಲಿಲ್ಲ. ಕಿಟಕಿಯ ಹತ್ತಿರದ ಕಾಲಿನ ಅಡಿಯಲ್ಲಿ ಸಲೀಸಾಗಿ ಹೋಯಿತು. ನಮ್ಮದು ಹಳೆಯ ಕೆಂಪು ಕಾವಿ ನೆಲ. ಅಲ್ಲಿ ಸ್ವಲ್ಪ ತಗ್ಗು ಇತ್ತು. ಒಂದು ಕಾಲು ಗಾಳಿಯಲ್ಲಿ ನಿಂತರೆ ಮಲಗಿದವರ ಭಾರಕ್ಕೆ ಇಡೀ ಮಂಚ ತಿರುಚುತ್ತದೆ. ದಿನಾ ತಿರುಚಿದರೆ ಎಲ್ಲಾ ಜೋಡಣೆ ಸಡಿಲ ಆಗುತ್ತದೆ.

ಎರಡನೆಯವನು ಹಲಗೆ. ನಮ್ಮ ಮಂಚಕ್ಕೆ ಆರು ಹಲಗೆ. ಅವು ಎರಡು ಬದಿಯ ರೀಪಿನ ಮೇಲೆ ಕುಳಿತಿವೆ. ಒಂದೊಂದೇ ತೆಗೆದು ನೋಡಿದಾಗ ನಾಲ್ಕನೆಯ ಹಲಗೆಯ ಅಡಿಯಲ್ಲಿ ರೀಪು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮರ ಮರಕ್ಕೆ ಉಜ್ಜಿದ ಜಾಗ ಹಾಗೆ ಹೊಳೆಯುತ್ತದೆ ಅಂತೆ. ಅದೇ ಸಾಕ್ಷಿ.

ಮೂರನೆಯವನು ತಲೆಯ ಬದಿಯ ಬೋಲ್ಟು. ಹಿಂದೆ ಮಂಚವನ್ನು ಬಾಗಿಲಲ್ಲಿ ತರಲಿಕ್ಕೆ ಬಿಚ್ಚಿದಾಗ ಎರಡು ಕಡೆ ಮರದ ಬೆಣೆ ತೆಗೆದು ಬೋಲ್ಟು ಹಾಕಿದ್ದರಂತೆ. ಅದರಲ್ಲಿ ಒಂದಕ್ಕೆ ವಾಷರೇ ಇರಲಿಲ್ಲ. ನಟ್ಟು ಮರವನ್ನು ತಿಂದು ಒಳಗೆ ಹೋಗಿತ್ತು.

ಸಡಿಲ ಆದರೆ ಶಬ್ದ ಯಾಕೆ ಬರಬೇಕು ಎಂದು ನಾನು ನಮ್ಮ ವಿಜ್ಞಾನ ಟೀಚರ್ ಹತ್ತಿರ ಕೇಳಿದೆ. ಅವರು ಪಿಟೀಲನ್ನು ನೆನಪಿಸಿದರು. ಪಿಟೀಲಿನ ಕಮಾನಿಗೆ ರಾಳ ಉಜ್ಜುತ್ತಾರೆ. ಕಮಾನು ಎಳೆದಾಗ ತಂತಿ ಕಮಾನಿಗೆ ಅಂಟಿಕೊಂಡು ಸ್ವಲ್ಪ ದೂರ ಬರುತ್ತದೆ, ಫಕ್ಕನೆ ಜಾರುತ್ತದೆ, ಮತ್ತೆ ಅಂಟುತ್ತದೆ, ಮತ್ತೆ ಜಾರುತ್ತದೆ. ಒಂದು ಸೆಕೆಂಡಿನಲ್ಲಿ ನೂರಾರು ಸಲ ಹೀಗೆ ಆಗುವುದರಿಂದ ಸ್ವರ ಹುಟ್ಟುತ್ತದೆ. ಮಂಚದಲ್ಲಿ ಆಗುವುದೂ ಅದೇ. ಎರಡು ಮರ ಒತ್ತಿಕೊಂಡು ಅಂಟುತ್ತವೆ, ಭಾರ ಬಿದ್ದಾಗ ಜಾರುತ್ತವೆ, ಮತ್ತೆ ಅಂಟುತ್ತವೆ. ಇದಕ್ಕೆ ಕಾರಣ ಘರ್ಷಣೆ. ಹಾಗಾದರೆ ಶಬ್ದ ನಿಲ್ಲಿಸಲು ಎರಡೇ ದಾರಿ. ಒಂದು, ಮರ ಸರಿಯದ ಹಾಗೆ ಬಿಗಿ ಮಾಡುವುದು. ಎರಡು, ಸರಿದರೂ ಅಂಟದ ಹಾಗೆ ನಡುವೆ ಮೇಣವನ್ನೋ ಬಟ್ಟೆಯನ್ನೋ ಇಡುವುದು. ಬಾವಿಯ ರಾಟೆಗೆ ಎಣ್ಣೆ ಬಿಡುವುದೂ, ಹಿಂದೆ ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದದ್ದೂ ಈ ಎರಡನೆಯ ದಾರಿ.

ಟೀಚರ್ ಇನ್ನೊಂದು ಸಂಗತಿ ಹೇಳಿದರು. ಈಜಿಪ್ಟಿನ ತುತಾಂಖಾಮನ್ ಎಂಬ ರಾಜನ ಸಮಾಧಿ 1922ರಲ್ಲಿ ಸಿಕ್ಕಿತು. ಅದರಲ್ಲಿ ಆರು ಮಂಚಗಳಿದ್ದವು. ಒಂದು ಮಡಚುವ ಮಂಚ, ಅದಕ್ಕೆ ಕಂಚಿನ ಕೀಲುಗಳು. ಮೂರು ಸಾವಿರ ವರ್ಷಕ್ಕೂ ಹಿಂದಿನದು! ಅದು ಶಬ್ದ ಮಾಡುತ್ತಿತ್ತೋ ಇಲ್ಲವೋ ಎಂದು ಹೇಳಲು ರಾಜ ಎದ್ದು ಬರಬೇಕು. ಇದನ್ನು ಅಜ್ಜಿಗೆ ಹೇಳಿದಾಗ ಅವರು "ನಮ್ಮ ಕಾರ್ಕಳದ ಅನಂತಶಯನ ದೇವರೇ ಬುದ್ಧಿವಂತ. ಹಾವಿನ ಮೇಲೆ ಮಲಗಿದ್ದಾನೆ, ಬೋಲ್ಟೂ ಬೇಡ, ಬೆಣೆಯೂ ಬೇಡ" ಎಂದು ನಕ್ಕರು.

ಈಗ ರಿಪೇರಿಯ ವಿಷಯ. ತಗ್ಗಿನಲ್ಲಿದ್ದ ಕಾಲಿನ ಅಡಿಗೆ ಹಳೆಯ ಸೈಕಲ್ ಟ್ಯೂಬನ್ನು ಕಾಲಿನ ಅಳತೆಗೆ ಕತ್ತರಿಸಿ ಮೂರು ಪದರ ಇಟ್ಟೆವು. ಪೇಪರು ಹೋಗದಷ್ಟು ಆದ ಮೇಲೆ ನಿಲ್ಲಿಸಿದೆವು. ಹಲಗೆ ಕೂರುವ ರೀಪನ್ನು ಒರಸಿ, ಸ್ಯಾಂಡ್ ಪೇಪರಿನಿಂದ ಮೆಲ್ಲ ಉಜ್ಜಿ, ಅದರ ಮೇಲೆ ಮೇಣದ ಬತ್ತಿ ತಿಕ್ಕಿದೆವು. ಅಪ್ಪನ ಹಳೆಯ ಬೈರಾಸನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ರೀಪಿನ ಉದ್ದಕ್ಕೂ ಹಾಸಿ ಹಲಗೆ ಕೂರಿಸಿದೆವು. ಅಮ್ಮ ತೆಂಗಿನ ಎಣ್ಣೆ ತಂದಿದ್ದರು. ಆಚಾರ್ರು ಬೇಡ ಎಂದರು. ರಾಟೆಯ ಕಬ್ಬಿಣಕ್ಕೆ ಎಣ್ಣೆ ಸರಿ, ಮಂಚದ ಮರಕ್ಕೆ ಹಾಕಿದರೆ ಮರ ಕುಡಿದುಬಿಡುತ್ತದೆ, ಉಳಿದದ್ದಕ್ಕೆ ಧೂಳು ಹಿಡಿಯುತ್ತದೆ, ಇರುವೆ ಬರುತ್ತದೆ, ಕಮಟು ವಾಸನೆ ಬೇರೆ. ಮೇಣಕ್ಕೆ ಈ ತೊಂದರೆ ಇಲ್ಲ.

ಬೋಲ್ಟು ಬಿಚ್ಚಿ ಅಗಲದ ವಾಷರ್ ಹಾಕಿ ಪುನಃ ಬಿಗಿ ಮಾಡಿದೆವು. ಅದಕ್ಕೂ ಒಂದು ಕ್ರಮ ಉಂಟು. ಒಂದು ಮೂಲೆಯನ್ನು ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋಗಬಾರದು. ಎಲ್ಲಾ ಮೂಲೆಯನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬರಬೇಕು. ಇಲ್ಲದಿದ್ದರೆ ಮಂಚ ಸೊಟ್ಟ ಆಗುತ್ತದೆ. ಶಕ್ತಿ ಇದೆ ಎಂದು ಸ್ಪ್ಯಾನರಿಗೆ ನೇತಾಡಲೂಬಾರದು, ಮರ ಜಜ್ಜಿಹೋಗುತ್ತದೆ. ಕಾಲಿನ ಬದಿಯಲ್ಲಿ ಮರದ ಬೆಣೆ ಸವೆದಿತ್ತು. ಆಚಾರ್ರು ತಮ್ಮ ಮನೆಯಿಂದ ಒಣಗಿದ ಮರದ ತುಂಡು ತಂದು ಹೊಸ ಬೆಣೆ ಕೆತ್ತಿ ಹೊಡೆದರು. ಹಸಿ ಮರದ ಬೆಣೆ ಹಾಕಬಾರದಂತೆ. ಅದು ಒಣಗಿ ಸಣ್ಣದಾಗಿ ಮತ್ತೆ ಸಡಿಲ ಆಗುತ್ತದೆ.

ಬೆಣೆಯ ಕೆಲಸ ನೋಡುವಾಗ ನನಗೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದ ನೆನಪಾಯಿತು. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರಿನ ಹಳೆಯ ಮನೆಗಳನ್ನು ತುಂಡು ತುಂಡಾಗಿ ಬಿಚ್ಚಿ ತಂದು ಅಲ್ಲಿ ಪುನಃ ಜೋಡಿಸಿದರು. 1816ರ ಕುಂಜೂರು ಚೌಕಿ ಮನೆಯೂ ಅದರಲ್ಲಿ ಒಂದು. ಇದನ್ನು ಹೇಳಿದಾಗ ಆಚಾರ್ರಿಗೆ ಖುಷಿ ಆಯಿತು. "ಬಿಚ್ಚಲಿಕ್ಕೆ ಬರುವ ಹಾಗೆ ಜೋಡಿಸಿದ್ದು ಮಾತ್ರ ರಿಪೇರಿಗೆ ಬರುತ್ತದೆ ಮಗಾ. ಎಲ್ಲದಕ್ಕೂ ಮೊಳೆ ಹೊಡೆದಿದ್ದರೆ ಆ ಮನೆ ಬರುತ್ತಿತ್ತಾ?" ಎಂದರು. ಅಪ್ಪ ತಾವು ತಂದ ಮೊಳೆಯನ್ನು ಮೆಲ್ಲ ಡಬ್ಬಿಗೆ ಹಾಕಿದರು. ಆಚಾರ್ರು ಕೂಲಿ ತೆಗೆದುಕೊಳ್ಳಲಿಲ್ಲ. ಚಹಾ ಕುಡಿದು ಎರಡು ಬನ್ಸ್ ತಿಂದು ಹೋದರು.

ಆ ರಾತ್ರಿ ಮಂಚ ಸುಮ್ಮನಿತ್ತು. ಅಜ್ಜಿಯೂ ಸುಮ್ಮನಿದ್ದರು! ಅಲುಗಾಡದೆ ಮಲಗುವುದು ಅವರಿಗೆ ಅಭ್ಯಾಸ ಆಗಿಹೋಗಿತ್ತು. ಮರುದಿನ ಅಮ್ಮ ಮಂಚದ ಹತ್ತಿರ ಸ್ಟೂಲಿನ ಮೇಲೆ ಒಂದು ಚೆಂಬು ನೀರು, ಲೋಟ ಇಟ್ಟರು. "ಅತ್ತೆ, ಬೆಳಗ್ಗೆ ನಾನು ಚೆಂಬು ನೋಡುತ್ತೇನೆ, ಖಾಲಿ ಆಗಿರಬೇಕು" ಎಂದರು. ಎರಡನೆಯ ರಾತ್ರಿ ನನಗೆ ಚೆಂಬಿಗೆ ಲೋಟ ತಾಗಿದ ಶಬ್ದ ಕೇಳಿತು. ಮಂಚದ ಶಬ್ದ ಕೇಳಲಿಲ್ಲ. ಅಜ್ಜಿ ಎದ್ದು ಹೊರಗೆ ಹೋಗಿ ಬಂದು ಮಲಗಿದರು. ಅಪ್ಪ ಗೊರಕೆ ಹೊಡೆಯುತ್ತಲೇ ಇದ್ದರು. ಹದಿನೈದು ದಿನದಲ್ಲಿ ಅಜ್ಜಿಯ ಉರಿ ಹೋಯಿತು, ಸೆಳೆತವೂ ಕಡಿಮೆ ಆಯಿತು. ಔಷಧಿಯಿಂದ ಎಷ್ಟು, ಮಂಚದಿಂದ ಎಷ್ಟು ಎಂದು ನಾನು ಲೆಕ್ಕ ಹಾಕಲಿಲ್ಲ.

ರಿಪೇರಿ ಒಮ್ಮೆ ಮಾಡಿದರೆ ಮುಗಿಯಲಿಲ್ಲ. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರಿಗೂ ಹೆಚ್ಚು ಮಳೆ ಬರುತ್ತದೆ. ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಗಾಳಿಯ ತೇವವನ್ನು ಮರ ಹೀರಿ ಅಡ್ಡಕ್ಕೆ ಉಬ್ಬುತ್ತದೆ. ಮಳೆಗಾಲದಲ್ಲಿ ಬಾಗಿಲು ಹಾಕಲಿಕ್ಕೆ ಬಾರದೆ ಒದೆಯುತ್ತೇವಲ್ಲ, ಅದೇ ಕಾರಣ. ಬೇಸಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಜೋಡಣೆ ಸಡಿಲ ಆಗುತ್ತದೆ. ಮಂಚದ ಶಬ್ದ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಜೋರಾಗುವುದು ಇದರಿಂದಲೇ. ಆದ್ದರಿಂದ ವರ್ಷಕ್ಕೆ ಎರಡು ಸಲ ನೋಡಬೇಕು. ನಾವು ನವರಾತ್ರಿಯ ಮುಂಚೆ ಮನೆ ಗುಡಿಸುವಾಗ ಒಮ್ಮೆ, ಯುಗಾದಿಯ ಸಮಯದಲ್ಲಿ ಒಮ್ಮೆ ಎಂದು ನಿಶ್ಚಯಿಸಿದ್ದೇವೆ.

ಇನ್ನು ಕೆಲವು ಮಾತುಗಳನ್ನು ಎಲ್ಲರೂ ನೆನಪಿಡಬೇಕು. ಮಂಚವನ್ನು ಎಳೆಯಬಾರದು, ಇಬ್ಬರು ಸೇರಿ ಎತ್ತಬೇಕು. ಎಳೆದರೆ ಕಾಲು ಸೊಟ್ಟ ಆಗಿ ಜೋಡಣೆ ಬಿಡುತ್ತದೆ. ಮಂಚದ ಮೇಲೆ ಹಾರಬಾರದು (ಇದನ್ನು ತಮ್ಮನಿಗೆ ದಿನಾ ಹೇಳುತ್ತೇನೆ). ನೆಲ ಒರಸುವಾಗ ಮಂಚದ ಕಾಲಿನ ಬುಡದಲ್ಲಿ ನೀರು ನಿಲ್ಲಬಾರದು, ಮರ ಕೆಳಗಿನಿಂದ ನೀರು ಹೀರುತ್ತದೆ. ಮಂಚದ ಅಡಿಯಲ್ಲಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಅದು ಮರ ಕೊರೆಯುವ ಹುಳದ ಕೆಲಸ, ದೊಡ್ಡವರಿಗೆ ಕೂಡಲೇ ಹೇಳಬೇಕು. ನಮ್ಮ ಕಡೆ ಹುಳ, ಗೆದ್ದಲು ಬಾರದಂತೆ ಮರಕ್ಕೆ ಗೇರು ಎಣ್ಣೆ ಬಳಿಯುತ್ತಾರೆ. ಅದು ಕೈಗೆ ತಾಗಿದರೆ ಸುಟ್ಟ ಹಾಗೆ ಆಗುತ್ತದೆ, ಮಕ್ಕಳು ಮುಟ್ಟಬಾರದು.

ಕಬ್ಬಿಣದ ಮಂಚ ಇರುವವರು ಶಬ್ದ ಬಾರದು ಎಂದು ನಂಬಬೇಡಿ. ಕಡಲ ಗಾಳಿಯ ಉಪ್ಪಿಗೆ ನಟ್ಟು ಬೋಲ್ಟು ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಒರಸಿ, ಸ್ವಲ್ಪ ಗ್ರೀಸ್ ಹಚ್ಚಿ, ಕಬ್ಬಿಣ ಕಬ್ಬಿಣಕ್ಕೆ ತಾಗುವಲ್ಲಿ ರಬ್ಬರ್ ವಾಷರ್ ಹಾಕಬೇಕು. ಮರದ ಮಂಚದಲ್ಲಿ ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ ಆ ತೂತಿಗೆ ಫೆವಿಕಾಲ್ ಹಚ್ಚಿದ ಬೆಂಕಿಕಡ್ಡಿ ತುರುಕಿ (ಮದ್ದು ಇರುವ ತುದಿ ಮುರಿದು), ಒಣಗಿದ ಮೇಲೆ ಸ್ಕ್ರೂ ಹಾಕಿದರೆ ಹಿಡಿಯುತ್ತದೆ.

ಅಳುವ ಮಗುವಿಗೆ ಹಾಲು ಎಂದು ಹಿರಿಯರು ಹೇಳುತ್ತಾರೆ. ಮಂಚ ಕೂಗಿತು, ಅದಕ್ಕೆ ಆಚಾರ್ರು ಬಂದರು, ಮೇಣ ಸಿಕ್ಕಿತು, ಬೈರಾಸು ಸಿಕ್ಕಿತು. ಅಜ್ಜಿ ಕೂಗುವವರಲ್ಲ. ನಿಮ್ಮ ಮನೆಯಲ್ಲೂ ಅಜ್ಜ ಅಜ್ಜಿ ಇರಬಹುದು. ಅವರ ಮಂಚ ಶಬ್ದ ಮಾಡಿದರೆ ಸ್ಪ್ಯಾನರ್ ಹುಡುಕಿ. ಶಬ್ದವೇ ಇಲ್ಲದಿದ್ದರೆ ಹತ್ತಿರ ಕುಳಿತು "ರಾತ್ರಿ ನಿದ್ದೆ ಬಂತಾ? ನೀರು ಕುಡಿದಿರಾ?" ಎಂದು ಒಮ್ಮೆ ಕೇಳಿ. ಅದಕ್ಕೆ ಯಾವ ಸಾಮಾನೂ ಬೇಡ.

ಕೊನೆಗೆ ಒಂದು ವಿನಂತಿ. ನಮ್ಮ ತರಗತಿಯ ಎರಡನೇ ಸಾಲಿನ ಬೆಂಚು ಯಾರು ಅಲುಗಾಡಿದರೂ ಕಿರ್ ಎನ್ನುತ್ತದೆ. ಟೀಚರ್ ಅನುಮತಿ ಕೊಟ್ಟರೆ ಬರುವ ಶನಿವಾರ ನಾನು ಮೇಣದ ಬತ್ತಿ, ಸೈಕಲ್ ಟ್ಯೂಬು ತರುತ್ತೇನೆ. ಯಾರಾದರೂ ಒಬ್ಬರು ಸ್ಪ್ಯಾನರ್ ತನ್ನಿ.

– ಏಳನೇ ತರಗತಿಯ ವಿದ್ಯಾರ್ಥಿನಿ, ಕಡಿಯಾಳಿ